ಹಳೆಯ ಕಂಪ್ಯೂಟರ್ ಕೈಗೆ ಬಂದಾಗ: ಗುರುತಿಸುವ, ಕಾಪಾಡುವ, ಬೆಲೆ ಕಟ್ಟುವ ಬಗೆ

ಹಳೆಯ ಪರ್ಸನಲ್ ಕಂಪ್ಯೂಟರಿಗೆ ಈಗ ಎರಡು ಬಗೆಯ ಬೆಲೆಗಳಿವೆ. ಒಂದು ಹರಾಜಿನಲ್ಲಿ ಬರುವ ಬೆಲೆ, ಇನ್ನೊಂದು ಗುಜರಿ ಅಂಗಡಿಯ ತಕ್ಕಡಿಯಲ್ಲಿ ಬರುವ ಬೆಲೆ. ಆ್ಯಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ ವಿನ್ಯಾಸ ಮಾಡಿ, 1976ರಲ್ಲಿ 666.66 ಡಾಲರಿಗೆ ಮಾರಾಟಕ್ಕೆ ಬಂದ ಆ್ಯಪಲ್-1 ಬೋರ್ಡುಗಳು ತಯಾರಾದದ್ದೇ ಸುಮಾರು 200. ಅವುಗಳಲ್ಲೊಂದನ್ನು 2014ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬೋನಮ್ಸ್ ಹರಾಜಿನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು 9,05,000 ಡಾಲರ್ ಕೊಟ್ಟು ಕೊಂಡಿತು. ನಮ್ಮ ಊರುಗಳಲ್ಲಿ ಅದೇ ಹೊತ್ತಿಗೆ ಶಾಲೆ, ಬ್ಯಾಂಕು, ಮುದ್ರಣಾಲಯಗಳ ಹಿಂದಿನ ಕೋಣೆಗಳಿಂದ ಹೊರಬಿದ್ದ ಯಂತ್ರಗಳು ಕಿಲೋ ಲೆಕ್ಕದಲ್ಲಿ ಹೋಗುತ್ತಿದ್ದವು, ಈಗಲೂ ಹೋಗುತ್ತಿವೆ. ಮನೆಯ ಅಟ್ಟದಲ್ಲೋ ಕಚೇರಿಯ ಮೂಲೆಯಲ್ಲೋ ಅಂಥದೊಂದು ಯಂತ್ರ ಸಿಕ್ಕಿದವರು, ಅಥವಾ ಇಂಥ ಯಂತ್ರಗಳನ್ನು ಕೂಡಿಹಾಕುವ ಆಸೆಯುಳ್ಳವರು, ಏನು ನೋಡಬೇಕು, ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಿದೆ.

ಬೆಲೆ ಎಲ್ಲಿಂದ ಹುಟ್ಟುತ್ತದೆ

ಹಳೆಯದಾದ ಮಾತ್ರಕ್ಕೆ ಯಾವ ಯಂತ್ರವೂ ದುಬಾರಿಯಾಗುವುದಿಲ್ಲ. 1982ರಲ್ಲಿ ಬಂದ ಕೊಮೊಡೋರ್ 64 ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಕಂಪ್ಯೂಟರ್. ಅದನ್ನು ಬಯಸುವವರು ಬಹಳ, ಆದರೆ ಸಿಗುವುದೂ ಬಹಳ, ಆದ್ದರಿಂದ ಸಾಧಾರಣ ಸ್ಥಿತಿಯ ಒಂದು ಕೊಮೊಡೋರಿಗೆ ಆಕಾಶದ ಬೆಲೆ ಬರುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ 1983ರ ಆ್ಯಪಲ್ ಲೀಸಾ. 9,995 ಡಾಲರ್ ಬೆಲೆಯ ಆ ಯಂತ್ರದಲ್ಲಿ ‘ಟ್ವಿಗ್ಗಿ’ ಎಂದು ಕರೆಯಲಾಗುತ್ತಿದ್ದ, ಸದಾ ತೊಂದರೆ ಕೊಡುತ್ತಿದ್ದ ಎರಡು ಫ್ಲಾಪಿ ಡ್ರೈವ್‌ಗಳಿದ್ದವು. ಮರುವರ್ಷವೇ ಆ್ಯಪಲ್ ಕಂಪನಿಯು ಅವನ್ನು ತೆಗೆದು ಹೊಸ ಡ್ರೈವ್ ಹಾಕಿಕೊಡುವ ಸೌಲಭ್ಯವನ್ನು ಗ್ರಾಹಕರಿಗೆ ಉಚಿತವಾಗಿ ಒದಗಿಸಿತು. ಬಹುತೇಕ ಎಲ್ಲರೂ ಹಾಕಿಸಿಕೊಂಡರು. ಕೆಟ್ಟ ಡ್ರೈವ್‌ನೊಂದಿಗೆ ಹಾಗೆಯೇ ಉಳಿದುಹೋದ ಲೀಸಾಗಳೇ ಇಂದು ಸಂಗ್ರಾಹಕರು ಹುಡುಕುವ ಅಪರೂಪದ ವಸ್ತುಗಳು. ಮಾರಾಟವಾಗದೆ ಉಳಿದ ಸುಮಾರು 2,700 ಲೀಸಾಗಳನ್ನು 1989ರಲ್ಲಿ ಅಮೆರಿಕದ ಯೂಟಾ ರಾಜ್ಯದ ಲೋಗನ್ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಲಾಯಿತು ಎಂಬುದನ್ನೂ ಇದರೊಂದಿಗೆ ನೆನೆಯಬೇಕು. ಎಷ್ಟು ತಯಾರಾದವು ಎಂಬುದಕ್ಕಿಂತ ಎಷ್ಟು ಉಳಿದವು, ಅದರಲ್ಲಿಯೂ ತಯಾರಾದ ರೂಪದಲ್ಲಿಯೇ ಎಷ್ಟು ಉಳಿದವು ಎಂಬುದು ಬೆಲೆಯನ್ನು ನಿರ್ಧರಿಸುತ್ತದೆ.

ಒಂದೇ ಮಾದರಿಯೊಳಗೂ ಈ ಭೇದ ನಡೆಯುತ್ತದೆ. 1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿ, ಅಂದರೆ 5150, ಎರಡು ಬಗೆಯ ಮದರ್‌ಬೋರ್ಡಿನೊಂದಿಗೆ ಬಂದಿತ್ತು. ಬೋರ್ಡಿನ ಅಂಚಿನಲ್ಲಿ 16 ಕೆಬಿ-64 ಕೆಬಿ ಎಂದು ಅಚ್ಚಾಗಿರುವುದು ಮೊದಲಿನದು, 64 ಕೆಬಿ-256 ಕೆಬಿ ಎಂದಿರುವುದು ಆಮೇಲಿನದು. ಉಪಯೋಗಕ್ಕೆ ಎರಡನೆಯದು ಮೇಲು, ಸಂಗ್ರಹಕ್ಕೆ ಮೊದಲನೆಯದು ಮೇಲು. 1982ರ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಮೊದಲ ತಂಡದ ಯಂತ್ರಗಳಲ್ಲಿ ರಬ್ಬರ್ ಕೀಲಿಗಳು ತಿಳಿ ಬೂದುಬಣ್ಣದವು. ಆಮೇಲೆ ಬಂದವುಗಳಲ್ಲಿ ಬಣ್ಣ ಗಾಢವಾಗಿದೆ. ಕೊಳ್ಳುವವರು ಇಂಥ ಸಣ್ಣ ಗುರುತುಗಳಿಗೇ ಹೆಚ್ಚು ಹಣ ಕೊಡುತ್ತಾರೆ.

ಇನ್ನು ನೆನಪಿನ ವಿಷಯ. ಯಾವ ಯಂತ್ರಕ್ಕೆ ಎಷ್ಟು ಬೇಡಿಕೆ ಎಂಬುದನ್ನು ತಿಳಿಯಲು ಆ ಯಂತ್ರ ಬಂದಾಗ ಹನ್ನೆರಡು ಹದಿಮೂರು ವರ್ಷದವರಾಗಿದ್ದವರು ಈಗ ಎಲ್ಲಿದ್ದಾರೆ, ಎಷ್ಟು ಗಳಿಸುತ್ತಿದ್ದಾರೆ ಎಂದು ಯೋಚಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಬ್ರಿಟಿಷರಿಗೆ ಸ್ಪೆಕ್ಟ್ರಮ್, ಅಮೆರಿಕದವರಿಗೆ ಆ್ಯಪಲ್-2 ಮತ್ತು ಕೊಮೊಡೋರ್ 64, ಜರ್ಮನ್ನರಿಗೆ ಕೊಮೊಡೋರ್ 64 ಮತ್ತು ಅದೇ ಕಂಪನಿಯ ಅಮಿಗಾ ಪ್ರಿಯವಾಗಿರುವುದು ಈ ಕಾರಣಕ್ಕೆ. ನಮ್ಮಲ್ಲಿ ಈ ನೆನಪು ಬೇರೆ ಬಗೆಯದು. ಆಮದು ಸುಂಕದ ಕಾಲದಲ್ಲಿ ಕಂಪ್ಯೂಟರ್ ಮನೆಯ ವಸ್ತುವಾಗಿರಲೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕಾದ ಶಾಲೆಯ ಲ್ಯಾಬಿನಲ್ಲಿ, ಬಟ್ಟೆಯ ಹೊದಿಕೆ ಹೊದಿಸಿಟ್ಟ ಯಂತ್ರದ ಮುಂದೆ ಮೂರು ನಾಲ್ಕು ಮಕ್ಕಳು ಒತ್ತೊತ್ತಾಗಿ ಕುಳಿತು ಸರದಿಗೆ ಕಾಯುತ್ತಿದ್ದುದೇ ಹಲವರ ನೆನಪು. ನೆನಪಿನ ಮೇಲೆ ನಿಂತ ಬೇಡಿಕೆ ಆ ತಲೆಮಾರಿನೊಂದಿಗೇ ಇಳಿಯುವ ಸಾಧ್ಯತೆಯಿದೆ. ಆದ್ದರಿಂದ ಹೂಡಿಕೆಯೆಂದು ಭಾವಿಸಿ ಹಳೆಯ ಕಂಪ್ಯೂಟರ್ ಕೊಳ್ಳುವವರಿಗೆ ಚಿನ್ನವನ್ನೋ ಠೇವಣಿಯನ್ನೋ ನೋಡಿಕೊಳ್ಳಿ ಎಂದೇ ನಾನು ಹೇಳುವೆ.

ನಮ್ಮ ಪಾಲಿಗೆ ಬಂದ ಯಂತ್ರಗಳು

ಕರ್ನಾಟಕದಲ್ಲಿ ಹುಡುಕುವವರಿಗೆ ಆ್ಯಪಲ್-1 ಸಿಗುವುದಿಲ್ಲ. ಸಿಗುವುದು ಬೇರೆ, ಅದೂ ಕಡಿಮೆ ಸ್ವಾರಸ್ಯದ್ದಲ್ಲ. ಕೇಂದ್ರ ಸರ್ಕಾರವು 1984-85ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ದೇಶದ ನೂರಾರು ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. ಅದನ್ನೇ ನಮ್ಮ ಸಾರ್ವಜನಿಕ ವಲಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ‘ಯೂನಿಕಾರ್ನ್’ ಹೆಸರಿನಲ್ಲಿ ತಯಾರಿಸಿತು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಇಲ್ಲಿ ಮಾರಿತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯು ಆಮದನ್ನು ಸಡಿಲಿಸಿದ ಬಳಿಕ ಐಬಿಎಂ ಪಿಸಿಗೆ ಹೊಂದುವ ದೇಶೀ ಯಂತ್ರಗಳ ಮಹಾಪೂರವೇ ಬಂದಿತು. ಎಚ್‌ಸಿಎಲ್‌ನ ‘ಬಿಸಿಬೀ’, ಬೆಂಗಳೂರಿನ ವಿಪ್ರೊ ಮತ್ತು ಪಿಎಸ್‌ಐ ಡೇಟಾ ಸಿಸ್ಟಮ್ಸ್ ಕಂಪನಿಗಳ ಯಂತ್ರಗಳು ಆ ಕಾಲದವು. ಪಿಸಿಯೊಳಗಿನ ಸ್ಲಾಟಿಗೆ ಕೂರಿಸುವ, ಡಾಸ್ ಎಂಬ ಅಂದಿನ ಕಾರ್ಯಾಚರಣೆ ವ್ಯವಸ್ಥೆಯ ತಂತ್ರಾಂಶಗಳಲ್ಲಿಯೇ ಭಾರತೀಯ ಲಿಪಿಗಳನ್ನು ಮೂಡಿಸುವ ‘ಜಿಸ್ಟ್’ ಕಾರ್ಡ್ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮೂಲಕ ಬಳಕೆಗೆ ಬಂತು. ತೀರಾ ಹಳೆಯದಲ್ಲದಿದ್ದರೂ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯ ಎಂಜಿನಿಯರುಗಳು ಬೆಂಗಳೂರಿನಲ್ಲಿ ರೂಪಿಸಿದ, ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗಿ 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಕೈಗಣಕ ಸಿಂಪ್ಯೂಟರ್ ಸಿಕ್ಕಿದರೆ ಬಿಡಬಾರದು.

ವಿದೇಶಗಳ ಬೆಲೆಪಟ್ಟಿಗಳಲ್ಲಿ ಈ ದೇಶೀ ಯಂತ್ರಗಳ ಹೆಸರೇ ಇರುವುದಿಲ್ಲ. ಹೆಸರಿಲ್ಲದ್ದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದ್ದಕ್ಕೆ ಗುಜರಿಯೇ ಗತಿ ಎಂಬಂತಾಗಿದೆ. ಆದರೆ ಲಂಡನ್ನಿನಲ್ಲಿ ಬಿಬಿಸಿ ಮೈಕ್ರೊವನ್ನು ಉಳಿಸಿಕೊಳ್ಳಲು ಸಾವಿರಾರು ಜನರಿದ್ದಾರೆ; ಯೂನಿಕಾರ್ನನ್ನು ನಾವಲ್ಲದೆ ಇನ್ನಾರೂ ಉಳಿಸುವುದಿಲ್ಲ. ಹಣದ ಮಿತಿಯುಳ್ಳ ಕನ್ನಡದ ಸಂಗ್ರಾಹಕರು ದುಬಾರಿ ಹೊರದೇಶದ ಹೆಸರುಗಳ ಬೆನ್ನುಹತ್ತುವ ಬದಲು ಇಲ್ಲಿಯ ಯಂತ್ರಗಳನ್ನು, ಅವುಗಳ ಕೈಪಿಡಿ, ರಸೀದಿ, ಮೇಲೆ ಅಂಟಿಸಿದ ನಿರ್ವಹಣಾ ಗುತ್ತಿಗೆಯ ಚೀಟಿಗಳ ಸಮೇತ ಹಿಡಿದಿಟ್ಟುಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ನಿಲುವು. ಪೆಟ್ಟಿಗೆಯ ಮೇಲೆ ಯಾವುದೋ ಶಾಲೆಯವರು ಬಿಳಿ ಬಣ್ಣದಲ್ಲಿ ಬರೆದ ದಾಸ್ತಾನು ಸಂಖ್ಯೆಯನ್ನು ತಿನ್ನರ್ ಹಾಕಿ ಉಜ್ಜಿ ತೆಗೆಯುವವರಿದ್ದಾರೆ. ತೆಗೆಯಬೇಡಿ, ಆ ಯಂತ್ರದ ಊರು, ಕೆಲಸ ಎಲ್ಲವೂ ಅದರಲ್ಲಿದೆ.

ಗುರುತಿಸುವುದು

ಯಂತ್ರ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಫೋಟೋ ತೆಗೆಯುವುದು. ಮುಂಭಾಗ, ಹಿಂಭಾಗ, ತಳದ ಲೇಬಲ್, ಪ್ರತಿ ಸಾಕೆಟ್, ಪ್ರತಿ ಕೇಬಲ್. ಆಮೇಲೆ ಮುಚ್ಚಳ ಬಿಚ್ಚಿ ಒಳಗಿನ ಬೋರ್ಡು. ಏನನ್ನೂ ಕೀಳುವ ಮೊದಲೇ ಇದು ಮುಗಿಯಬೇಕು.

ಬೋರ್ಡಿನ ಮೇಲಿನ ಚಿಪ್‌ಗಳನ್ನು ಓದಲು ಕಲಿತರೆ ಮಾರುವವರ ಮಾತನ್ನು ನಂಬಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ. ಹೆಚ್ಚಿನ ಚಿಪ್‌ಗಳ ಬೆನ್ನಿನ ಮೇಲೆ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ವರ್ಷವನ್ನೂ ಕೊನೆಯ ಎರಡು ವಾರವನ್ನೂ ಹೇಳುತ್ತವೆ. 8432 ಎಂದರೆ 1984ನೆಯ ಇಸವಿಯ 32ನೆಯ ವಾರ, ಅಂದರೆ ಆಗಸ್ಟಿನ ಹೊತ್ತು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ: 7432 ಎಂಬುದು 1974ರ ವಾರವಲ್ಲ, ಅದೊಂದು ತರ್ಕ ಚಿಪ್ಪಿನ ಹೆಸರೇ. 74ರಿಂದ ಆರಂಭವಾಗುವ ಸಂಖ್ಯೆ ಕಂಡರೆ ಅದರ ಮೇಲೋ ಕೆಳಗೋ ಇರುವ ಇನ್ನೊಂದು ಸಾಲಿನಲ್ಲಿ ಕಾಲವನ್ನು ಹುಡುಕಬೇಕು. ಬೋರ್ಡಿನ ತುಂಬ 8410, 8417, 8422 ಎಂದಿದ್ದು ಒಂದೇ ಒಂದು ಚಿಪ್ಪಿನ ಮೇಲೆ 9105 ಎಂದಿದ್ದರೆ ಅದನ್ನು ಆಮೇಲೆ ಬದಲಾಯಿಸಲಾಗಿದೆ ಎಂದರ್ಥ. ಸಾಕೆಟ್ಟಿನ ಸುತ್ತ ಸೀಸದ ಬೆಸುಗೆಯ ಹೊಸ ಹೊಳಪಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಇದು ದೋಷವಲ್ಲ, ಆದರೆ ‘ಕಾರ್ಖಾನೆಯಿಂದ ಬಂದಂತೆಯೇ ಇದೆ’ ಎಂದು ಹೆಚ್ಚಿನ ಬೆಲೆ ಕೇಳುವವರ ಮುಂದೆ ಇಡಬೇಕಾದ ಸಂಗತಿ. ಪರದೆಯ ಮೇಲೆ ಮೂಡುವ ಇಸವಿಯನ್ನು ನಂಬಬಾರದು. ಸ್ಪೆಕ್ಟ್ರಮ್ ಎಷ್ಟೋ ವರ್ಷಗಳ ಬಳಿಕ ತಯಾರಾಗಿದ್ದರೂ 1982 ಎಂದೇ ತೋರಿಸುತ್ತದೆ, ಏಕೆಂದರೆ ಅದು ರೋಮ್ ಎಂಬ, ಕಾರ್ಖಾನೆಯಲ್ಲಿಯೇ ತಂತ್ರಾಂಶ ತುಂಬಿದ ಚಿಪ್ಪಿನೊಳಗೆ ಅಚ್ಚಾಗಿರುವ ಕೃತಿಸ್ವಾಮ್ಯದ ವರ್ಷ. ಆ್ಯಪಲ್-1, ಆಲ್ಟೇರ್ 8800ರಂಥ ಪ್ರಸಿದ್ಧ ಯಂತ್ರಗಳ ಪ್ರತಿಕೃತಿಗಳನ್ನು ಹವ್ಯಾಸಿಗಳು ಇಂದಿಗೂ ಅಚ್ಚುಕಟ್ಟಾಗಿ ತಯಾರಿಸುತ್ತಾರೆ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪ್ಲಗ್ ಹಾಕುವ ಮೊದಲು

ಹಳೆಯ ಕಂಪ್ಯೂಟರುಗಳು ಸಾಯುವುದು ಹೆಚ್ಚಾಗಿ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದಾಗ ಅಲ್ಲ. ‘ಇನ್ನೂ ಓಡುತ್ತದೆಯೇ ನೋಡೋಣ’ ಎಂದು ಯಾರೋ ಪ್ಲಗ್ ಹಾಕಿದ ಕ್ಷಣದಲ್ಲಿ. ಮಾರುವವರು ಹಾಗೆ ಮಾಡಿ ತೋರಿಸಲು ಬಂದರೂ ಬೇಡವೆನ್ನಿ. ವಿದೇಶದಿಂದ ಮರಳಿದ ನೆಂಟರು ತಂದಿಟ್ಟ ಅಮೆರಿಕದ ಯಂತ್ರವಾದರೆ ಅದು 110-120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಕಥೆ ಅಲ್ಲಿಗೆ ಮುಗಿಯಿತು. ಹಿಂಭಾಗದಲ್ಲಿ ವೋಲ್ಟೇಜ್ ಬದಲಿಸುವ ಕೆಂಪು ಸ್ವಿಚ್ ಇದೆಯೇ, ಇದ್ದರೆ ಯಾವ ಕಡೆಗಿದೆ ಎಂದು ನೋಡಬೇಕು. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಟಿವಿಗೆ ಜೋಡಿಸುವ ಯಂತ್ರಗಳಲ್ಲಿ ಚಿತ್ರಸಂಕೇತದ ಮಟ್ಟಿಗೆ ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ, ನಮ್ಮದು ಪಾಲ್ ಪದ್ಧತಿ ಎಂಬ ಇನ್ನೊಂದು ತೊಡಕೂ ಇದೆ.

ಬಿಬಿಸಿ ಮೈಕ್ರೊವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಕೆಲಸದ ಕ್ರಮವನ್ನು ನೋಡೋಣ. ಅದರ ಪೆಟ್ಟಿಗೆಯ ತಳದಲ್ಲಿಯೂ ಹಿಂಭಾಗದಲ್ಲಿಯೂ ‘ಫಿಕ್ಸ್’ ಎಂದು ಅಚ್ಚೊತ್ತಿದ ಜಾಗಗಳಲ್ಲಿ ಸ್ಕ್ರೂಗಳಿವೆ. ಅವನ್ನು ಬಿಚ್ಚಿದರೆ ಮೇಲಿನ ಮುಚ್ಚಳ ಎದ್ದುಬರುತ್ತದೆ. ಎಡಗಡೆಯ ಲೋಹದ ಡಬ್ಬಿಯೇ ವಿದ್ಯುತ್ ಪೂರೈಕೆಯ ಘಟಕ. ಅದರೊಳಗೆ, ಮನೆಯ ಕರೆಂಟು ಬಂದು ಸೇರುವ ಜಾಗದಲ್ಲಿಯೇ, ಹಳದಿ ಛಾಯೆಯ ಪಾರದರ್ಶಕ ಹೊದಿಕೆಯ ‘ರೀಫಾ’ ಕೆಪಾಸಿಟರುಗಳಿರುತ್ತವೆ, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗಗಳು. ಲೋಹ ಲೇಪಿಸಿದ ಕಾಗದದಿಂದ ಮಾಡಿದವು ಅವು. ಕಾಲಾಂತರದಲ್ಲಿ ಹೊದಿಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡಿ, ಅವುಗಳ ಮೂಲಕ ಗಾಳಿಯ ತೇವ ಕಾಗದಕ್ಕೆ ಇಳಿಯುತ್ತದೆ. ಕರೆಂಟು ಕೊಟ್ಟ ಮೇಲೆ ಕೆಲವು ನಿಮಿಷ ಎಲ್ಲವೂ ಸರಿಯಾಗಿಯೇ ನಡೆಯುವಂತೆ ಕಂಡು, ಆಮೇಲೆ ಪಟ್ಟೆಂದು ಸಿಡಿದು ಕೋಣೆಯ ತುಂಬ ದಟ್ಟವಾದ, ದಿನಗಟ್ಟಲೆ ಹೋಗದ ವಾಸನೆಯ ಹೊಗೆ ಬರುವುದು ಈ ಕೆಪಾಸಿಟರಿನ ಕೆಲಸ. ಅವನ್ನು ತೆಗೆದು ಅಷ್ಟೇ ಮೌಲ್ಯದ, ಎಕ್ಸ್2 ದರ್ಜೆಯ, 275 ವೋಲ್ಟ್ ಎಸಿ ತಡೆಯುವ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಬೇಕು. ಬಿಡಿಭಾಗಕ್ಕೆ ತಗಲುವ ಖರ್ಚು ಅತ್ಯಲ್ಪ. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಸಿಗುವ ವಸ್ತುವೇ. ಆದರೆ ಪೂರೈಕೆಯ ಘಟಕದೊಳಗಿನ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಈ ಕೆಲಸದ ಅಭ್ಯಾಸವಿಲ್ಲದವರು ಅನುಭವಿ ಟಿವಿ ರಿಪೇರಿಯವರ ಕೈಗೆ ಕೊಡುವುದೇ ಲೇಸು.

ಇಷ್ಟಾದ ಮೇಲೆ ಕೀಬೋರ್ಡನ್ನು ಎತ್ತಿ, ಅದರಡಿಯಲ್ಲಿ ಬಲಗಡೆಗಿರುವ ರೋಮ್ ಚಿಪ್‌ಗಳನ್ನು ಸಾಕೆಟ್ಟಿನಿಂದ ಸ್ವಲ್ಪವೇ ಎತ್ತಿ ಮತ್ತೆ ಒತ್ತಿ ಕೂರಿಸಬೇಕು. ವರ್ಷಗಟ್ಟಲೆ ಕೂಡಿದ ಕಿಲುಬು ಅಷ್ಟಕ್ಕೇ ಬಿಟ್ಟುಕೊಳ್ಳುವುದುಂಟು. ಈಗ ಸ್ವಿಚ್ ಹಾಕಬಹುದು. ಯಂತ್ರ ಆರೋಗ್ಯವಾಗಿದ್ದರೆ ಮೊದಲು ತಗ್ಗಿದ ಒಂದು ಸದ್ದು, ಅದರ ಹಿಂದೆಯೇ ಮೇಲಿನ ಸ್ವರದ ಚಿಕ್ಕ ‘ಬೀಪ್’ ಕೇಳಿ, ಪರದೆಯ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ ಎಂಬ ಸಾಲೂ ಬೇಸಿಕ್ ಎಂಬ ಸಾಲೂ ಬರುತ್ತವೆ. ತಗ್ಗಿದ ಸದ್ದು ನಿಲ್ಲದೆ ಎಳೆಯುತ್ತಲೇ ಇದ್ದರೆ ಯಂತ್ರವು ತನ್ನ ಆರಂಭದ ಕೆಲಸವನ್ನು ಮುಗಿಸಲಾಗದೆ ಸಿಕ್ಕಿಕೊಂಡಿದೆ ಎಂದು ತಿಳಿದು ಕೂಡಲೇ ಆರಿಸಬೇಕು. ಶಾಲೆಯಲ್ಲಿ ಇದನ್ನು ಬಳಸಿದವರಿಗೆ ಆ ಎರಡು ಸದ್ದುಗಳು ಕೇಳಿದರೆ ಸಾಕು, ಚಿತ್ರ ಬರುವವರೆಗೆ ಕಾಯಬೇಕಾಗಿಯೇ ಇಲ್ಲ.

ಬೇರೆ ಯಂತ್ರಗಳ ಅಪಾಯಗಳು ಬೇರೆ. ಕೊಮೊಡೋರ್ 64ರ ಮೂಲ ಅಡಾಪ್ಟರ್ ಒಳಗೆಲ್ಲ ಅಂಟು ತುಂಬಿ ಮುಚ್ಚಿದ ಇಟ್ಟಿಗೆ. ಅದು ಕೆಟ್ಟಾಗ ಸುಮ್ಮನೆ ನಿಲ್ಲದೆ 5 ವೋಲ್ಟಿನ ಜಾಗದಲ್ಲಿ ಹೆಚ್ಚು ವೋಲ್ಟ್ ಕಳುಹಿಸಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಅದನ್ನು ಮಲ್ಟಿಮೀಟರಿನಲ್ಲಿ ಅಳೆಯುವುದಕ್ಕಿಂತಲೂ ನೆನಪಿಗಾಗಿ ಎತ್ತಿಟ್ಟು, ಓಡಿಸಲು ಹೊಸ ಅಡಾಪ್ಟರ್ ಬಳಸುವುದು ಕ್ಷೇಮ. ಐಬಿಎಂ ಪಿಸಿ ಮತ್ತು ಅದರ ಮುಂದಿನ ಮಾದರಿಯಾದ ಎಕ್ಸ್‌ಟಿಗಳಲ್ಲಿ ಮಣಿಯಂಥ ಚಿಕ್ಕ ಟ್ಯಾಂಟಲಮ್ ಕೆಪಾಸಿಟರುಗಳು ಶಾರ್ಟ್ ಆಗುತ್ತವೆ. ಯಂತ್ರ ಏಳದಿದ್ದರೆ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ತಪ್ಪಿತಸ್ಥನು ಸಿಗುವುದುಂಟು. ಆಮೇಲೆ ಬಂದ 286, 386 ಪ್ರೊಸೆಸರುಗಳ ಬೋರ್ಡುಗಳ ಮೇಲೆ ಗಡಿಯಾರ ನಡೆಸಲು ಬೆಸುಗೆ ಹಾಕಿ ಕೂರಿಸಿದ 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿ, ಹಸಿರು-ನೀಲಿ ಕಿಲುಬು ಹತ್ತಿರದ ಕೀಬೋರ್ಡ್ ಸಾಕೆಟ್ಟಿನವರೆಗೆ ತಾಮ್ರದ ಗೆರೆಗಳನ್ನು ತಿಂದಿರುವುದನ್ನು ನೋಡದ ಸಂಗ್ರಾಹಕರೇ ಇಲ್ಲ. ಅಮಿಗಾ 2000, 3000, 4000 ಯಂತ್ರಗಳದೂ ಇದೇ ಗೋಳು. ಯಂತ್ರ ಓಡುತ್ತಿರಲಿ ಬಿಡಲಿ, ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು ಮೊದಲ ದಿನದ ಕೆಲಸ. ಸೋರಿದ ದ್ರವ ಕ್ಷಾರೀಯವಾದ್ದರಿಂದ ನೀರು ಬೆರೆಸಿದ ವಿನೆಗರನ್ನು ಹತ್ತಿಕಡ್ಡಿಯಲ್ಲಿ ಸವರಿ, ಬಟ್ಟಿಯಿಳಿಸಿದ ನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಮಾನಿಟರ್ ಅಥವಾ ಹಳೆಯ ಮ್ಯಾಕಿಂಟಾಶ್ ಒಳಗಿನ ಚಿತ್ರಕೊಳವೆಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಅದನ್ನು ಬಿಚ್ಚುವ ವಿಧಾನವನ್ನು ಬರಹ ಓದಿ ಕಲಿಯುವಂತಿಲ್ಲ.

ಹಳದಿಯಾದ ಪ್ಲಾಸ್ಟಿಕ್

ಆ ಕಾಲದ ಎಬಿಎಸ್ ಪ್ಲಾಸ್ಟಿಕ್ಕಿಗೆ ಬೆಂಕಿ ಹಿಡಿಯದಿರಲೆಂದು ಬ್ರೋಮಿನ್ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಬೆಳಕು, ಬಿಸಿ ಮತ್ತು ವಯಸ್ಸು ಸೇರಿ ಬಿಳಿ-ಬೂದು ಪೆಟ್ಟಿಗೆಗಳು ಕಂದುಹಳದಿಯಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ‘ರೆಟ್ರೊಬ್ರೈಟ್’ ವಿಧಾನ 2008ರಿಂದ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ಫಲಿತಾಂಶ ಕಣ್ಣಿಗೆ ಚೆನ್ನ, ಆದರೆ ದ್ರಾವಣ ಒಂದೇ ಸಮನಾಗಿ ತಾಗದಿದ್ದರೆ ಅಳಿಸಲಾಗದ ಪಟ್ಟೆಗಳು ಬೀಳುತ್ತವೆ, ಹಳದಿ ಬಣ್ಣ ಕೆಲವು ವರ್ಷಗಳಲ್ಲಿ ಮರಳುವುದೂ ಇದೆ. ಸಾಮಾನ್ಯವಾದ, ಬಳಸಲೆಂದೇ ಇಟ್ಟುಕೊಂಡ ಯಂತ್ರಕ್ಕೆ ಮಾಡುವುದಾದರೆ ಮಾಡಿ, ಅಪರೂಪದ್ದಕ್ಕೆ ಮಾಡಬೇಡಿ. ಮೃದುವಾದ ಬಟ್ಟೆ, ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಇಷ್ಟರಿಂದ ಹೋಗದ ಕೊಳೆ ಕಡಿಮೆ. ಕೀಲಿಗಳನ್ನು ಕಿತ್ತು ತೊಳೆಯುವ ಮೊದಲು ಅವುಗಳ ಜೋಡಣೆಯ ಫೋಟೋ ಇರಲಿ.

ಫ್ಲಾಪಿಗಳು, ಮತ್ತು ಅವುಗಳೊಳಗಿನ ಕನ್ನಡ

ಯಂತ್ರಕ್ಕಿಂತ ಫ್ಲಾಪಿಗಳ ಆಯುಷ್ಯ ಕಡಿಮೆ, ಅದರಲ್ಲಿಯೂ ನಮ್ಮ ಮಳೆಗಾಲದಲ್ಲಿ. 5.25 ಇಂಚಿನ ಫ್ಲಾಪಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಿಟಕಿಯಂಥ ತೆರಪಿನಲ್ಲಿ ಕಾಣುವ ಕಪ್ಪು ತಟ್ಟೆಯನ್ನು ಬೆರಳು ತಾಗಿಸದೆ ನಡುವಿನ ರಂಧ್ರದಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ಬಿಳಿಯ ಚುಕ್ಕೆಗಳೋ ಬಳೆಯಾಕಾರದ ಕಲೆಗಳೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಡ್ರೈವ್‌ಗೆ ಹಾಕಿದರೆ ಕೊಳೆಯು ಡ್ರೈವ್‌ನ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರಿ ಕೆಡಿಸುತ್ತದೆ. ಚೆನ್ನಾಗಿರುವುದರ ಪಕ್ಕದ ಕಚ್ಚನ್ನು ಅಪಾರದರ್ಶಕ ಟೇಪಿನಿಂದ ಮುಚ್ಚಿದರೆ ಅದರ ಮೇಲೆ ಬರೆಯಲಾಗುವುದಿಲ್ಲ, 3.5 ಇಂಚಿನದರಲ್ಲಿ ಇದು ತಿರುವುಮುರುವು, ಅಲ್ಲಿ ರಂಧ್ರ ತೆರೆದಿರಬೇಕು. ಬಳಿಕ ಗ್ರೀಸ್‌ವೀಸಲ್ ಎಂಬ ಚಿಕ್ಕ ಬೋರ್ಡಿನ ಮೂಲಕ ಹಳೆಯ ಡ್ರೈವನ್ನು ಇಂದಿನ ಕಂಪ್ಯೂಟರಿನ ಯುಎಸ್‌ಬಿಗೆ ಜೋಡಿಸಿ ಪೂರ್ತಿ ಫ್ಲಾಪಿಯ ಪ್ರತಿ ತೆಗೆಯಬಹುದು. ಅದು ಕಡತಗಳನ್ನಲ್ಲ, ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳನ್ನೇ ಓದುವುದರಿಂದ ಯಾವ ಯಂತ್ರದ ಫ್ಲಾಪಿಯಾದರೂ ನಡೆಯುತ್ತದೆ.

ಕನ್ನಡದ ಮಟ್ಟಿಗೆ ಇದು ಬರೀ ಹವ್ಯಾಸದ ಮಾತಲ್ಲ. ಎಲ್ಲ ಭಾಷೆಗಳಿಗೂ ಸಮಾನ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಪಠ್ಯ ಆಯಾ ತಂತ್ರಾಂಶದ ಅಕ್ಷರಸಂಕೇತದಲ್ಲಿ ಇರುತ್ತದೆ, ಕೆ. ಪಿ. ರಾವ್ ಅವರ ‘ಸೇಡಿಯಾಪು’, ಜಿಸ್ಟ್ ಕಾರ್ಡ್, ಶ್ರೀಲಿಪಿ, ಹೀಗೆ ಒಂದೊಂದರದು ಒಂದೊಂದು ದಾರಿ. ಮುದ್ರಣಾಲಯವೊಂದರ ಫ್ಲಾಪಿಗಳಿಂದ ಕಡತಗಳು ಸುರಕ್ಷಿತವಾಗಿ ಬಂದರೂ ಆಗಿನ ಫಾಂಟ್ ಮತ್ತು ತಂತ್ರಾಂಶ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಆದ್ದರಿಂದ ಡಿಟಿಪಿ ಕೇಂದ್ರದ ಯಂತ್ರ ಸಿಕ್ಕಿದರೆ ತಂತ್ರಾಂಶದ ಮೂಲ ಫ್ಲಾಪಿಗಳನ್ನೂ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿರುವ ಬೆರಳುದ್ದದ ಡಾಂಗಲನ್ನೂ ಕೇಳಿ ತರಬೇಕು. ಡಾಂಗಲ್ ನೋಡಲು ಯಾವುದೋ ಹಳೆಯ ಕನೆಕ್ಟರಿನಂತಿರುತ್ತದೆ, ಎಸೆಯುವಾಗ ಮೊದಲು ಹೋಗುವುದೂ ಅದೇ. ಆದರೆ ಅಂಥ ಹಲವು ತಂತ್ರಾಂಶಗಳು ಅದಿಲ್ಲದೆ ತೆರೆದುಕೊಳ್ಳುವುದೇ ಇಲ್ಲ. ಯಂತ್ರದ ಹಾರ್ಡ್‌ಡಿಸ್ಕ್‌ನಲ್ಲಿ ಗ್ರಾಹಕರ ಲೆಕ್ಕಪತ್ರ, ಖಾತೆಯ ವಿವರ ಇದ್ದರೆ ಅವನ್ನು ಹಿಂದಿನ ಮಾಲೀಕರಿಗೆ ತಿಳಿಸಿ ಅಳಿಸಿಬಿಡುವುದು ಸಂಗ್ರಾಹಕರ ಕರ್ತವ್ಯ.

ಇಡುವ ಜಾಗ

ತೇವಾಂಶ 40ರಿಂದ 50 ಶೇಕಡಾ ಇರುವ, ಬಿಸಿಲು ಬೀಳದ ಕೋಣೆ ಸೂಕ್ತ. ಕರಾವಳಿಯ ಉಪ್ಪುಗಾಳಿಯಲ್ಲಿ ಮತ್ತು ಮಲೆನಾಡಿನ ಮಳೆಯಲ್ಲಿ ಇದು ಸುಲಭವಲ್ಲ; ಮುಚ್ಚಳ ಬಿಗಿಯುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು, ಅದನ್ನು ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡುವ ರೂಢಿ ಬೇಕು. ಯಂತ್ರವನ್ನು ನೇರವಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಬಾರದು, ಹತ್ತಿಬಟ್ಟೆ ಹೊದಿಸಬೇಕು. ಇರುವೆ, ಜಿರಲೆಗಳಿಗೆ ಹಳೆಯ ಪವರ್ ಸಪ್ಲೈ ಬಹು ಇಷ್ಟದ ಮನೆ. ಹಲ್ಲಿಯ ಮೊಟ್ಟೆ ಸಿಗುವುದೂ ಅಪರೂಪವಲ್ಲ. ಮಳೆಗಾಲ ಕಳೆದ ಮೇಲೆ ಒಮ್ಮೆ ಎಲ್ಲವನ್ನೂ ತೆರೆದು ನೋಡಬೇಕು.

ಕೊಳ್ಳುವುದು, ಮಾರುವುದು

ಅಂತರ್ಜಾಲದ ಮಾರುಕಟ್ಟೆಗಳಲ್ಲಿ ಜನ ಕೇಳುವ ಬೆಲೆಯನ್ನು ನೋಡಿ ಹೌಹಾರಬೇಡಿ, ಉಬ್ಬಲೂ ಬೇಡಿ; ಮಾರಾಟವಾಗಿ ಮುಗಿದ ಬೆಲೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಓಡದ ಯಂತ್ರಕ್ಕೂ ಓಡುವ ಯಂತ್ರಕ್ಕೂ ಇರುವ ಅಂತರಕ್ಕಿಂತ ಪೆಟ್ಟಿಗೆ-ಕೈಪಿಡಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಕೆಲವೊಮ್ಮೆ ದೊಡ್ಡದಾಗಿರುತ್ತದೆ, ಏಕೆಂದರೆ ಚಿಪ್ ಬದಲಾಯಿಸಬಹುದು, ಥರ್ಮೊಕೋಲ್ ಸಮೇತದ ಮೂಲ ರಟ್ಟಿನ ಪೆಟ್ಟಿಗೆಯನ್ನು ಎಲ್ಲಿಂದ ತರುವುದು? ಚಿಪ್‌ಗಳೂ ಸದಾ ಸಿಗುತ್ತವೆ ಎನ್ನುವಂತಿಲ್ಲ. 1976ರಿಂದ ತಯಾರಾಗುತ್ತಿದ್ದ ಝಡ್80 ಪ್ರೊಸೆಸರಿನ ಮೂಲ ಸರಣಿಗೆ ಝೈಲಾಗ್ ಕಂಪನಿಯು 2024ರಲ್ಲಿ ಕೊನೆಯ ಬೇಡಿಕೆಗಳನ್ನು ಪಡೆದು ಆ ಸರಣಿಯನ್ನು ನಿಲ್ಲಿಸಿತು. ಆದ್ದರಿಂದ ಯಂತ್ರದಲ್ಲಿ ಏನೇ ಮಾರ್ಪಾಡು ಮಾಡಿದರೂ ಹಿಂದಿನ ಸ್ಥಿತಿಗೆ ಮರಳಿಸಲು ಬರುವಂತಿರಬೇಕು, ಬಿಚ್ಚಿ ತೆಗೆದ ಮೂಲ ಭಾಗಗಳನ್ನು ಚೀಟಿ ಬರೆದು ಜೊತೆಗೇ ಇಡಬೇಕು.

ಹೊರದೇಶದಿಂದ ತರಿಸುವ ಆಸೆಯುಳ್ಳವರು ಒಂದು ಮಾತು ತಿಳಿದಿರಬೇಕು: ಬಳಸಿದ ಕಂಪ್ಯೂಟರುಗಳ ಆಮದು ನಮ್ಮಲ್ಲಿ ನಿರ್ಬಂಧಿತ, ಪರವಾನಗಿಯಿಲ್ಲದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿಯೇ ಉಳಿದುಬಿಡಬಹುದು. ಹಣ ಕಳುಹಿಸುವ ಮುನ್ನ ಆ ಹೊತ್ತಿನ ನಿಯಮವನ್ನು ವಿಚಾರಿಸಿಕೊಳ್ಳಿ. ಸ್ಥಳೀಯವಾಗಿ ಹುಡುಕುವುದಕ್ಕೆ ಹಳೆಯ ಶಾಲೆಗಳ ದಾಸ್ತಾನು ವಿಲೇವಾರಿ, ಮುಚ್ಚುತ್ತಿರುವ ಮುದ್ರಣಾಲಯ ಮತ್ತು ಟೈಪಿಂಗ್ ಸಂಸ್ಥೆಗಳು, ಗುಜರಿ ಅಂಗಡಿಗಳು ಒಳ್ಳೆಯ ಜಾಗಗಳು. ಗುಜರಿಯವರೊಂದಿಗೆ ಸ್ನೇಹವಿಟ್ಟುಕೊಂಡು, ಫೋಟೋ ತೋರಿಸಿ, ‘ಇಂಥದು ಬಂದರೆ ಒಡೆಯಬೇಡಿ, ತೂಕದ ಬೆಲೆಗಿಂತ ಹೆಚ್ಚು ಕೊಡುತ್ತೇನೆ’ ಎಂದು ಮೊದಲೇ ಹೇಳಿಡಬೇಕು. ಚಿಪ್‌ಗಳ ಕಾಲುಗಳಲ್ಲಿಯೂ ಕಾರ್ಡುಗಳ ಅಂಚಿನಲ್ಲಿಯೂ ಇರುವ ಚೂರು ಚಿನ್ನಕ್ಕಾಗಿ ಹಳೆಯ ಬೋರ್ಡುಗಳಿಗೆ ಬೇಡಿಕೆ ಇದ್ದೇ ಇದೆ, ತಡಮಾಡಿದರೆ ಯಂತ್ರ ಆ ದಾರಿ ಹಿಡಿಯುತ್ತದೆ. ದುಡ್ಡು ಹಾಕುವ ಮೊದಲು ಆ ಯಂತ್ರವನ್ನು ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರನ್ನು ಇಂದಿನ ಕಂಪ್ಯೂಟರಿನಲ್ಲಿ ಒಂದೆರಡು ಸಂಜೆ ಓಡಿಸಿ ನೋಡುವುದೂ ಒಳ್ಳೆಯದು. ಕೆಲವರ ಆಸೆ ಅಷ್ಟಕ್ಕೇ ತೀರುತ್ತದೆ, ಅದೇನೂ ಕೆಟ್ಟದ್ದಲ್ಲ.

ಮಾರುವಾಗ, ಅಥವಾ ಸಂಗ್ರಹಾಲಯಕ್ಕೆ ಕೊಡುವಾಗ, ಯಂತ್ರ ಎಲ್ಲಿಂದ ಬಂತು, ಯಾರು ಬಳಸುತ್ತಿದ್ದರು, ನೀವು ಯಾವ ಭಾಗವನ್ನು ಯಾವಾಗ ಬದಲಾಯಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಳಗಿಡಿ. ಕೊರಿಯರ್‌ಗೆ ಕೊಡುವುದಾದರೆ ಹಾರ್ಡ್‌ಡಿಸ್ಕ್‌ನ ಹೆಡ್ಡನ್ನು ನಿಲ್ಲಿಸುವ ‘ಪಾರ್ಕ್’ ಆದೇಶ ಕೊಟ್ಟು ಆರಿಸಿ, ಫ್ಲಾಪಿ ಡ್ರೈವ್‌ಗೆ ರಟ್ಟಿನ ತುಂಡು ಸಿಕ್ಕಿಸಿ, ಸಡಿಲ ಕಾರ್ಡುಗಳನ್ನು ತೆಗೆದು ಬೇರೆಯಾಗಿ ಸುತ್ತಬೇಕು. ಮಾನಿಟರನ್ನು ಯಂತ್ರದೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಹಾಕಬಾರದು. ಅದರ ತೂಕವೆಲ್ಲ ಗಾಜಿನ ಮುಖದ ಕಡೆಗಿರುವುದರಿಂದ ದಪ್ಪ ಫೋಮಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಎರಡು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಒಂದೇ ಊರಿನೊಳಗಾದರೆ ಕೊಳ್ಳುವವರನ್ನೇ ಮನೆಗೆ ಕರೆದು ಕೊಡುವುದು ಉತ್ತಮ.